ಒಂದೇ ಕೋಡ್ ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಓಡುವುದು ಹೇಗೆ?

ಕಾಫಿ ತೋಟದ ಮಳೆ ಲೆಕ್ಕವನ್ನು ಇಂಚು, ಸೆಂಟುಗಳಲ್ಲಿ (ಸೆಂಟು ಅಂದರೆ ಇಂಚಿನ ನೂರನೇ ಒಂದು ಪಾಲು) ಬರೆದಿಡುವ ಆ್ಯಪ್ ಮಾಡಬೇಕು, ಎರಡು ಸಲ ಕೋಡ್ ಬರೆಯಬೇಕಾ ಅಂತ ಕೇಳಿದ್ದೀರಿ. ಬೇಡ. ಆ್ಯಪ್ ಕಟ್ಟಲು ಗೂಗಲ್ ಮಾಡಿರುವ ಸಲಕರಣೆ ಫ್ಲಟರ್‌ನಲ್ಲಿ ಒಮ್ಮೆ ಬರೆದರೆ ಸಾಕು.

ಕಾರಣ ಇಷ್ಟೇ: ಫ್ಲಟರ್ ಬಟನ್, ಪಟ್ಟಿ, ಪೆಟ್ಟಿಗೆಗಳನ್ನು ಫೋನಿನಿಂದ ಎರವಲು ಪಡೆಯುವುದಿಲ್ಲ. ಪರದೆಯ ಮೇಲೆ ಖಾಲಿ ಜಾಗ ಮಾತ್ರ ಕೇಳುತ್ತದೆ. ಮಿಕ್ಕದ್ದನ್ನೆಲ್ಲ ತನ್ನ ಎಂಜಿನ್‌ನಿಂದ ತಾನೇ ಬಿಡಿಸುತ್ತದೆ. ಅಡುಗೆಯವರು ಒಲೆ, ಪಾತ್ರೆ ಎಲ್ಲ ತಾವೇ ತಂದು, ಮದುವೆ ಮನೆಯವರಿಂದ ಅಂಗಳ ಮಾತ್ರ ಕೇಳಿದ ಹಾಗೆ. ಮಡಿಕೇರಿಯಾದರೇನು, ವಿರಾಜಪೇಟೆಯಾದರೇನು, ಪಂದಿಕರಿ ರುಚಿ ಒಂದೇ ಅಲ್ವಾ? ನೀವು ಡಾರ್ಟ್ ಭಾಷೆಯಲ್ಲಿ ಬರೆದದ್ದು ಆಯಾ ಫೋನಿನ ಪ್ರೊಸೆಸರ್‌ಗೆ ತಿಳಿಯುವ ಕೋಡ್ ಆಗಿ ಮೊದಲೇ ಬದಲಾಗಿರುತ್ತದೆ. ಹಾಗಾಗಿ ಆ್ಯಪ್ ಎಳೆದಾಡುವುದಿಲ್ಲ.

ಕ್ಯಾಮೆರಾ, ಜಿಪಿಎಸ್‌ನಂಥವು ಫೋನಿನದೇ ಸೊತ್ತು. ಅವನ್ನು ಮುಟ್ಟಲು ಪ್ಲಗಿನ್, ಅಂದರೆ ಫ್ಲಟರ್‌ಗೂ ಫೋನಿಗೂ ನಡುವೆ ಸೇತುವೆಯಾಗುವ ಕೋಡ್ ಬೇಕು. ಐಫೋನ್ ಆ್ಯಪ್ ಕಟ್ಟಲು ಮ್ಯಾಕ್ ಕಂಪ್ಯೂಟರ್ ಕೂಡ ಬೇಕು, ಜೇಬಿಗೆ ಕತ್ತರಿ ಬೀಳುವುದು ಇಲ್ಲೇ. ಸಣ್ಣ ಆಟಗಳಿಗೆ ಫ್ಲಟರ್ ಮೇಲೆಯೇ ನಿಂತಿರುವ ಫ್ಲೇಮ್ ಎಂಬ ಗೇಮ್ ಎಂಜಿನ್ ಇದೆ. ದೊಡ್ಡ 3ಡಿ ಆಟಕ್ಕಾದರೆ ಸುಮ್ನೆ ಯೂನಿಟಿ ಎಂಬ ಬೇರೆ ಗೇಮ್ ಎಂಜಿನ್ ಹಿಡಿಯಿರಿ.

ಇನ್ನೊಂದು ಮಾತು, ಲೆಕ್ಕವನ್ನು ಮೊದಲು ಫೋನಿನಲ್ಲೇ ಉಳಿಸಿ. ಜುಲೈ ಮಳೆಯಲ್ಲಿ ತೋಟದೊಳಗೆ ನೆಟ್‌ವರ್ಕ್ ಹುಡುಕುತ್ತಾ ಕೂರಲು ಆಗುವುದಿಲ್ಲ.