ಅಣ್ಣಂದಿರು ‘ಪೌತಿ ಖಾತೆಗೆ ಒಂದು ಸಹಿ ಹಾಕು’ ಅಂತಿದ್ದಾರೆ. ಹಾಕಬಹುದಾ?

ಅಪ್ಪ ತೀರಿಕೊಂಡಿದ್ದಾರೆ, ಪಿತ್ರಾರ್ಜಿತ ಹೊಲ ಇನ್ನೂ ಭಾಗ ಆಗಿಲ್ಲ, ನಿಮ್ಮ ಮದುವೆ ಆಗಿದ್ದು 1991ರಲ್ಲಿ, ಸೋಮವಾರ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಾ ಅಂದಿದ್ದಾರೆ. ಇಷ್ಟೇ ಅಲ್ವಾ? ನಾನಾಗಿದ್ದರೆ ಹೋಗುತ್ತಿರಲಿಲ್ಲ.

ಪೌತಿ ಖಾತೆ ಅಂದರೆ ತೀರಿಕೊಂಡವರ ಹೆಸರಲ್ಲಿದ್ದ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದು. ಅದು ಕಂದಾಯ ಇಲಾಖೆಯ ಕೆಲಸ. ಮರಣ ಪತ್ರ, ವಂಶವೃಕ್ಷ ಇಟ್ಟು ನಾಡಕಚೇರಿಯಲ್ಲಿ ಅರ್ಜಿ ಕೊಡುವುದು. ಅದಕ್ಕೆ ನೋಂದಣಿ ಆಫೀಸಿನಲ್ಲಿ ಹೆಬ್ಬೆಟ್ಟು ಒತ್ತಬೇಕಿಲ್ಲ. ಅಲ್ಲಿಗೆ ಕರೆದರೆ ಅದು ಬಹುತೇಕ ಹಕ್ಕು ಬಿಡುಗಡೆ ಪತ್ರವೇ, ಅಂದರೆ ‘ನನ್ನ ಪಾಲು ಬಿಟ್ಟುಕೊಟ್ಟೆ’ ಅಂತ ಬರೆದುಕೊಡುವುದು.

ನಾನು ಹಾಗೆ ಸಹಿ ಹಾಕಿ ಬಂದವಳು. ಬಾಂಡ್ ಪೇಪರಿನ ಮೇಲೆ ಬೆರಳಿಟ್ಟು ‘ಇಲ್ಲಿ, ಇಲ್ಲಿ, ಇಲ್ಲಿ’ ಅಂದರು. ಕನ್ನಡಕ ಮನೆಯಲ್ಲೇ ಬಿಟ್ಟು ಹೋಗಿದ್ದೆ, ಅಣ್ಣನನ್ನು ಕೇಳೋದಕ್ಕೆ ನಾಚಿಕೆ. ಹೊರಗೆ ಬಂದ ಮೇಲೆ ಹೋಟೆಲಿನಲ್ಲಿ ಮಸಾಲೆ ದೋಸೆ, ಅತ್ತಿಗೆ ಕೈಯಿಂದ ಒಂದು ಸೀರೆ. ಗೌರಿ ಹಬ್ಬದ ಬಾಗಿನ ಎರಡು ವರ್ಷ ಬಂತು. ಆಮೇಲೆ ಅದೂ ನಿಂತಿತು. ಸಹಿ ಹಾಕದಿದ್ದರೆ ತವರು ತಪ್ಪುತ್ತೆ ಅನ್ನುವವರಿಗೆ ನಾನು ಇದನ್ನೇ ಹೇಳುವುದು.

‘ಮದುವೆಯಾದವಳಿಗೆ ಪಾಲಿಲ್ಲ’ ಅನ್ನೋ ಮಾತು ಸುಮ್ನೆ ಹುಟ್ಟಿದ್ದಲ್ಲ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ನಿಮ್ಮಂಥವರನ್ನೇ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕೇಂದ್ರ ತಂದ ತಿದ್ದುಪಡಿಯಲ್ಲಿ ಆ ಷರತ್ತು ಇಲ್ಲ. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟ ಮಾಡಿತು: ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತೆ, ತಿದ್ದುಪಡಿ ಬಂದಾಗ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಆದ ಪಾಲುಪತ್ರವೋ, ಮಾರಾಟವೋ ಇದ್ದರೆ ಮಾತು ಬೇರೆ. ಅಪ್ಪ ಸ್ವಂತ ದುಡಿಮೆಯಲ್ಲಿ ಕೊಂಡ ಜಮೀನಾದರೆ ಲೆಕ್ಕವೇ ಬೇರೆ. ಅದನ್ನು ಅವರು ಯಾರಿಗೆ ಬೇಕಾದರೂ ವಿಲ್ ಬರೆಯಬಹುದಿತ್ತು. ವಿಲ್ ಇಲ್ಲದಿದ್ದರೆ ಅದರಲ್ಲೂ ನಿಮಗೆ, ಅಮ್ಮನಿಗೆ, ಅಣ್ಣಂದಿರಿಗೆ ಸಮಪಾಲು.

ಪಹಣಿಯಲ್ಲಿ ಅಣ್ಣಂದಿರ ಹೆಸರು ಮಾತ್ರ ಕೂತುಬಿಟ್ಟರೂ ಗಾಬರಿ ಬೇಡ, ಅಷ್ಟಕ್ಕೇ ಹಕ್ಕು ಹೋಗುವುದಿಲ್ಲ. ಆದರೆ ವಂಶವೃಕ್ಷದಲ್ಲಿ ನಿಮ್ಮ ಹೆಸರು ಬಿಟ್ಟಿದ್ದಾರಾ ನೋಡಿ, ಬಿಟ್ಟಿದ್ದರೆ ತಕರಾರು ಅರ್ಜಿ ಕೊಡಿ. ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ಮನಾಗಬೇಡಿ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಇದೆ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಎಲ್ಲಿ ಅಂತ ಕೇಳಿ, ಇಲ್ಲ 15100ಕ್ಕೆ ಫೋನ್ ಮಾಡಿ.

ಅಣ್ಣನಿಗೆ ಇವತ್ತೇ ಒಂದು ಮಾತು ಹೇಳಿ ನೋಡಿ: ‘ಪತ್ರದ ಫೋಟೋ ವಾಟ್ಸಾಪ್ ಮಾಡು, ಓದಿ ಬರ್ತೀನಿ.’