ಆಷಾಢದ ಬಿಸಿಲಿಗೆ ಅಳೆಯಬೇಕಾದ ಸೌರ ಫಲಕ

ಪ್ರಶ್ನೆ: ನಮ್ಮ ವಾಸದ ಮನೆಯಿಂದ ಸುಮಾರು 300 ಮೀಟರ್ ದೂರದಲ್ಲಿ, ಅಡಿಕೆ ತೋಟದ ಅಂಚಿನಲ್ಲಿ ಹಂಚಿನ ಶೆಡ್ ಒಂದಿದೆ. ಕೊಯ್ಲಿನ ದಿನಗಳಲ್ಲಿ ರಾತ್ರಿ ಅಲ್ಲಿಯೇ ಅಡಿಕೆ ಸುಲಿಯುವ ಕೆಲಸ ನಡೆಯುತ್ತದೆ, ಉಳಿದ ದಿನಗಳಲ್ಲಿ ಕಾವಲಿನವರು ಮಲಗುತ್ತಾರೆ. ಕಂಬ ನೆಟ್ಟು ಲೈನ್ ಎಳೆಸುವ ಖರ್ಚು ನಮ್ಮಿಂದಾಗದು. ನಾಲ್ಕು ದೀಪ, ಒಂದು ಫ್ಯಾನು, ಎರಡು ಮೊಬೈಲ್ ಚಾರ್ಜಿಂಗ್ ಇಷ್ಟು ಸಾಕು. ಅಂಗಡಿಯವರು 1 ಕಿಲೋವಾಟ್ ಫಲಕ, 2 ಕೆವಿಎ ಇನ್ವರ್ಟರ್ ಹಾಗೂ 150 ಆಂಪಿಯರ್-ಅವರ್‌ನ ಎರಡು ಬ್ಯಾಟರಿ ಬೇಕೆನ್ನುತ್ತಾರೆ. ಇಷ್ಟೆಲ್ಲ ಬೇಕೆ?
– ಸಾಗರ ತಾಲ್ಲೂಕಿನ ಓದುಗರು

ಉತ್ತರ: ಬೇಡ. ಅಂಗಡಿಯವರ ಪಟ್ಟಿಯಿಂದ ನಾನು ಮೊದಲು ತೆಗೆದುಹಾಕುವುದು ಇನ್ವರ್ಟರನ್ನು, ಎಂದರೆ ಬ್ಯಾಟರಿಯ ಡಿಸಿ (ಒಂದೇ ದಿಕ್ಕಿಗೆ ಹರಿಯುವ) ವಿದ್ಯುತ್ತನ್ನು ಮನೆಯ ಲೈನಿನಂಥ ಏಸಿಯಾಗಿ ಬದಲಿಸುವ ಯಂತ್ರವನ್ನು. ಯಾವ ದೀಪವೂ ಉರಿಯದಿರುವಾಗಲೂ ಇನ್ವರ್ಟರ್ ತಾನು ಎಚ್ಚರವಾಗಿರುವುದಕ್ಕೆಂದೇ ಬ್ಯಾಟರಿಯಿಂದ ವಿದ್ಯುತ್ತನ್ನು ಹೀರುತ್ತಿರುತ್ತದೆ. ನೀವು ಹೇಳಿದ ಗಾತ್ರದ ಯಂತ್ರಕ್ಕೆ ಅದನ್ನು 20 ವಾಟ್ ಎಂದು ಹಿಡಿದರೂ 24 ಗಂಟೆಗೆ 480 ವಾಟ್-ಅವರ್ ಆಯಿತು. ನಿಮ್ಮ ಶೆಡ್ಡಿನ ನಿಜವಾದ ಬಳಕೆ ಎಷ್ಟೆಂದು ಈಗ ನೋಡೋಣ: 9 ವಾಟ್‌ನ ನಾಲ್ಕು ಎಲ್‌ಇಡಿ ದೀಪಗಳು 5 ಗಂಟೆ ಉರಿದರೆ 180, ಸುಮಾರು 28 ವಾಟ್‌ನ ಬಿಎಲ್‌ಡಿಸಿ (ಕಡಿಮೆ ವಿದ್ಯುತ್ ಎಳೆಯುವ ಮೋಟಾರಿನ) ಫ್ಯಾನು 8 ಗಂಟೆ ತಿರುಗಿದರೆ 224, ಮೊಬೈಲ್‌ಗಳಿಗೆ 30, ಒಟ್ಟು 434 ವಾಟ್-ಅವರ್. ಮನೆಯವರ ಊಟಕ್ಕಿಂತ ಬಡಿಸುವವನ ಊಟವೇ ಹೆಚ್ಚಾದ ಹಾಗಾಯಿತು.

ಆದ್ದರಿಂದ 12 ವೋಲ್ಟ್‌ನ ಡಿಸಿ ದೀಪಗಳನ್ನೂ ಡಿಸಿ ಫ್ಯಾನನ್ನೂ ಕೊಂಡು, ಬ್ಯಾಟರಿಯಿಂದ, ಅದು ತುಂಬುವುದನ್ನೂ ಖಾಲಿಯಾಗುವುದನ್ನೂ ಹತೋಟಿಯಲ್ಲಿಡುವ ಚಾರ್ಜ್ ಕಂಟ್ರೋಲರ್ ಮೂಲಕ ನೇರವಾಗಿ ನಡೆಸಿರಿ. ಮೊಬೈಲ್‌ಗೆ ಕಂಟ್ರೋಲರಿನಲ್ಲಿಯೇ ಇರುವ ಯುಎಸ್‌ಬಿ ಕಿಂಡಿ ಸಾಕಾಗುತ್ತದೆ. ಇದು ಹೊಸ ಉಪಾಯವೇನೂ ಅಲ್ಲ. 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೋದಂಥ ಸಂಸ್ಥೆಗಳು ಕರೆಂಟಿಲ್ಲದ ಹಳ್ಳಿಮನೆಗಳಿಗೆ ಹಾಕಿಕೊಟ್ಟ ಎರಡು-ನಾಲ್ಕು ದೀಪಗಳ ವ್ಯವಸ್ಥೆಗಳು ನಡೆದದ್ದು ಹೀಗೆಯೇ.

ಇನ್ನು ಫಲಕದ ಅಳತೆ. ಕರ್ನಾಟಕದಲ್ಲಿ ದಿನಕ್ಕೆ ಸರಾಸರಿ 5 ಗಂಟೆಗಳಷ್ಟು ಪೂರ್ಣ ಬಿಸಿಲು ಸಿಗುತ್ತದೆ ಎಂಬ ಲೆಕ್ಕ ಇಡೀ ವರ್ಷದ್ದು, ಇಡೀ ರಾಜ್ಯದ್ದು. ಮೋಡ ಮುಚ್ಚಿಕೊಂಡು ಜಡಿಮಳೆ ಹಿಡಿಯುವ ನಿಮ್ಮ ಆಷಾಢಕ್ಕೆ ಆ ಸರಾಸರಿಯನ್ನು ನಂಬಿ ಕೂರುವಂತಿಲ್ಲ. ನಾನಾದರೆ ಆ ತಿಂಗಳುಗಳ ಕೆಟ್ಟ ದಿನಕ್ಕೆ ಒಂದೂವರೆ ಗಂಟೆಯನ್ನಷ್ಟೇ ಹಿಡಿಯುತ್ತೇನೆ. ಸಮಾಧಾನದ ಸಂಗತಿಯೆಂದರೆ ಮಳೆಗಾಲದಲ್ಲಿ ಫ್ಯಾನು ಬೇಕಾಗುವುದಿಲ್ಲ, ಹಾಗಾಗಿ ಆಗಿನ ಬಳಕೆ 210 ವಾಟ್-ಅವರ್‌ಗೆ ಇಳಿಯುತ್ತದೆ. 100 ವಾಟ್‌ನ ಎರಡು ಫಲಕಗಳು ಒಂದೂವರೆ ಗಂಟೆಯ ಬಿಸಿಲಿಗೆ 300 ವಾಟ್-ಅವರ್ ಕೊಡುತ್ತವೆ, ತಂತಿ ಮತ್ತು ಬ್ಯಾಟರಿಗಳಲ್ಲಿ ಸೋರಿ ಹೋಗುವ ಕಾಲು ಭಾಗವನ್ನು ಕಳೆದರೆ 225 ಉಳಿಯುತ್ತದೆ. ಫ್ಯಾನು ರಾತ್ರಿಯಿಡೀ ತಿರುಗುವ ಏಪ್ರಿಲ್‌ನಲ್ಲಿ ಬಿಸಿಲೂ ಧಾರಾಳವಾಗಿರುವುದರಿಂದ ಇದೇ ಎರಡು ಫಲಕಗಳು 700 ವಾಟ್-ಅವರ್‌ಗೂ ಹೆಚ್ಚು ಕೊಟ್ಟಾವು. ಅಂದರೆ 200 ವಾಟ್ ಸಾಕು, 1 ಕಿಲೋವಾಟ್ ಬೇಕಿಲ್ಲ.

ಬ್ಯಾಟರಿಯ ವಿಷಯದಲ್ಲಿ ಮಾತ್ರ ಜಿಪುಣತನ ತೋರಿಸಬೇಡಿರಿ. 12 ವೋಲ್ಟ್, 150 ಆಂಪಿಯರ್-ಅವರ್‌ನ ಟ್ಯೂಬ್ಯುಲರ್ ಬ್ಯಾಟರಿಯೊಂದರಲ್ಲಿ ಕಾಗದದ ಮೇಲೆ 1800 ವಾಟ್-ಅವರ್ ಇರುತ್ತದೆ. ಆದರೆ ಸೀಸ-ಆಮ್ಲದ ಬ್ಯಾಟರಿಯನ್ನು ದಿನವೂ ತಳ ಕಾಣುವವರೆಗೆ ಬಳಸಿದರೆ ಅದರ ಆಯುಸ್ಸು ಬೇಗ ಮುಗಿಯುವುದರಿಂದ ಅರ್ಧವನ್ನು, ಎಂದರೆ 900 ವಾಟ್-ಅವರ್ ಅನ್ನು ಮಾತ್ರ ನಿಮ್ಮದೆಂದು ತಿಳಿಯಬೇಕು. ಸೂರ್ಯನ ಮುಖವನ್ನೇ ಕಾಣದ ನಾಲ್ಕು ದಿನಗಳ ಮಳೆಯನ್ನು ನಿಮ್ಮ ದೀಪಗಳು ಅಷ್ಟರಲ್ಲಿ ದಾಟುತ್ತವೆ. ಆದ್ದರಿಂದ ಇಂಥದ್ದು ಒಂದು ಸಾಕು. ಬ್ಯಾಟರಿಯ ಮೇಲೆ ಸಿ-10 ಎಂದು ಬರೆದಿದೆಯೇ ಎಂದು ನೋಡಿ ಕೊಳ್ಳಿರಿ. ಹತ್ತು ಗಂಟೆಗಳಲ್ಲಿ ಖಾಲಿ ಮಾಡಿದಾಗ ಸಿಗುವ ಸಾಮರ್ಥ್ಯ ಅದು. ಅದೇ ಬ್ಯಾಟರಿಯನ್ನು ಸಿ-20 ಲೆಕ್ಕದಲ್ಲಿ ಅಳೆದರೆ ಅಂಕಿ ದೊಡ್ಡದಾಗಿ ಕಾಣುತ್ತದೆ.

100 ವಾಟ್‌ನ ಫಲಕದಲ್ಲಿ 36 ಕೋಶಗಳಿದ್ದು, ಅದು ಸುಮಾರು 18 ವೋಲ್ಟ್‌ನಲ್ಲಿ ಐದೂವರೆ ಆಂಪಿಯರ್ ಕೊಡುತ್ತದೆ. ಅಂಥ ಎರಡನ್ನು ಸಮಾಂತರವಾಗಿ ಜೋಡಿಸಿದರೆ 20 ಆಂಪಿಯರ್‌ನ ಸಾಧಾರಣ ಪಿಡಬ್ಲ್ಯೂಎಂ ಕಂಟ್ರೋಲರ್ ಸಾಕಾಗುತ್ತದೆ. ವಾಟ್‌ಗೆ ಅಗ್ಗವೆಂದು 72 ಕೋಶಗಳ 330 ವಾಟ್‌ನ ದೊಡ್ಡ ಫಲಕವನ್ನು ತಂದು ಇದೇ ಕಂಟ್ರೋಲರಿಗೆ ಸಿಕ್ಕಿಸಬೇಡಿರಿ. ಈ ಬಗೆಯ ಕಂಟ್ರೋಲರ್ ಫಲಕದ 37 ವೋಲ್ಟನ್ನು ಬ್ಯಾಟರಿಯ 13 ವೋಲ್ಟ್‌ಗೆ ಎಳೆದು ಕೂರಿಸುತ್ತದೆ, ಆಂಪಿಯರ್ ಮಾತ್ರ ಸುಮಾರು 9ರಷ್ಟೇ ಇರುತ್ತದೆ. 330 ವಾಟ್‌ಗೆ ದುಡ್ಡು ಕೊಟ್ಟು 120 ವಾಟ್‌ನ ಕೆಲಸ ಪಡೆದ ಹಾಗಾಗುತ್ತದೆ. ದೊಡ್ಡ ಫಲಕವೇ ಬೇಕೆಂದರೆ, ಹೆಚ್ಚಿನ ವೋಲ್ಟನ್ನು ಹೆಚ್ಚಿನ ಆಂಪಿಯರಾಗಿ ಬದಲಿಸಿಕೊಡುವ ಎಂಪಿಪಿಟಿ ಕಂಟ್ರೋಲರ್ ಬೇಕು.

ಬ್ಯಾಟರಿಯ ಧನ ತುದಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು. ಸ್ವಿಚ್ಚು ಮತ್ತು ಎಂಸಿಬಿಗಳು ಡಿಸಿಗೆಂದೇ ಮಾಡಿದವುಗಳಾಗಿರಲಿ, ಏಕೆಂದರೆ ಏಸಿ ವಿದ್ಯುತ್ತು ಸೆಕೆಂಡಿಗೆ ನೂರು ಬಾರಿ ಸೊನ್ನೆಗೆ ಬರುವುದರಿಂದ ಅದರ ಕಿಡಿ ತಾನಾಗಿ ಆರುತ್ತದೆ, ಡಿಸಿಯ ಕಿಡಿ ಹಾಗೆ ಆರುವುದಿಲ್ಲ. ಜೋಡಿಸುವಾಗ ಕಂಟ್ರೋಲರಿಗೆ ಮೊದಲು ಬ್ಯಾಟರಿ, ನಂತರ ಫಲಕ. ಬಿಚ್ಚುವಾಗ ಮೊದಲು ಫಲಕ.

ಪ್ರಶ್ನೆ: ನಮ್ಮ ಶೆಡ್ ತೋಟದ ನಡುವೆಯೇ ಇದ್ದು, ಅದರ ಮಾಡಿನ ಮೇಲೆ ಹನ್ನೊಂದು ಗಂಟೆಯವರೆಗೂ ಮರಗಳ ನೆರಳಿರುತ್ತದೆ. 40 ಮೀಟರ್ ದೂರದ ಬೇಣದಲ್ಲಿ (ಹುಲ್ಲು ಬೆಳೆಯುವ ಬಯಲಿನಲ್ಲಿ) ಫಲಕ ನಿಲ್ಲಿಸಬಹುದೆ?
– ಶಿರಸಿ ಕಡೆಯ ಓದುಗರು

ಉತ್ತರ: ನಿಲ್ಲಿಸಬಹುದು, ನಿಲ್ಲಿಸಲೇಬೇಕು. ಫಲಕದ ಕೋಶಗಳು ಸರಪಳಿಯಂತೆ ಒಂದಕ್ಕೊಂದು ಜೋಡಿಸಿಕೊಂಡಿರುವುದರಿಂದ ಅಡಿಕೆ ಸೋಗೆಯೊಂದರ ನೆರಳು ನಾಲ್ಕು ಕೋಶಗಳ ಮೇಲೆ ಬಿದ್ದರೂ ಇಡೀ ಫಲಕದ ಉತ್ಪಾದನೆ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ. ಇದಲ್ಲದೆ ಮರದ ಕೆಳಗಿನ ಫಲಕದ ಮೇಲೆ ಹಾಳೆ ಸಮೇತ ಸೋಗೆ ಬೀಳುವುದು ಒಂದು ಕಡೆಯಾದರೆ, ಮರದಿಂದ ಮರಕ್ಕೆ ಹಾರುವ ಮಂಗಗಳಿಗೆ ಅದು ಒಳ್ಳೆಯ ತಂಗುದಾಣವಾಗುವುದು ಇನ್ನೊಂದು ಕಡೆ.

ತೊಂದರೆ ಇರುವುದು ತಂತಿಯಲ್ಲಿ. 40 ಮೀಟರ್ ಎಂದರೆ ವಿದ್ಯುತ್ತಿಗೆ ಹೋಗಿ ಬರುವ ದಾರಿ 80 ಮೀಟರ್. 4 ಚದರ ಮಿಲಿಮೀಟರ್‌ನ ತಾಮ್ರದ ತಂತಿಯಲ್ಲಿ 11 ಆಂಪಿಯರ್ ಹರಿದರೆ ಅಷ್ಟು ದೂರಕ್ಕೆ ಸುಮಾರು 4 ವೋಲ್ಟ್ ದಾರಿಯಲ್ಲಿಯೇ ಕರಗುತ್ತದೆ. 18 ವೋಲ್ಟ್‌ನಲ್ಲಿ 4 ಕಳೆದರೆ ಉಳಿಯುವುದು 14; ಫಲಕ ಕಾದಾಗ ಅದರ ವೋಲ್ಟೇಜ್ ಇನ್ನೂ ಇಳಿಯುತ್ತದೆ, ಬ್ಯಾಟರಿ ತುಂಬಲು 14.4 ಬೇಕು. ನಾನೇ ಒಮ್ಮೆ ಮನೆಯಲ್ಲಿ ಉಳಿದಿದ್ದ ಒಂದೂವರೆ ಎಂಎಂ ತಂತಿಯನ್ನು ಕೊಟ್ಟಿಗೆಗೆ ಎಳೆದು, ಬ್ಯಾಟರಿ ಏಕೆ ತುಂಬುತ್ತಿಲ್ಲವೆಂದು ಎರಡು ತಿಂಗಳು ಬ್ಯಾಟರಿಯನ್ನೇ ದೂರಿದ್ದೆ. ನಿಮ್ಮಂಥವರು ಎರಡು ಫಲಕಗಳನ್ನು ಸರಣಿಯಲ್ಲಿ ಜೋಡಿಸಿ 36 ವೋಲ್ಟ್, ಐದೂವರೆ ಆಂಪಿಯರ್‌ನಂತೆ ವಿದ್ಯುತ್ತನ್ನು ತಂದು, ಬ್ಯಾಟರಿಯ ಪಕ್ಕದಲ್ಲಿ ಎಂಪಿಪಿಟಿ ಕಂಟ್ರೋಲರ್ ಇಟ್ಟರೆ, ಅದೇ ತಂತಿಯಲ್ಲಿ ಆಗುವ ನಷ್ಟ 36ರಲ್ಲಿ 2 ವೋಲ್ಟ್ ಮಾತ್ರ. ಫಲಕ ದಕ್ಷಿಣಕ್ಕೆ ಮುಖ ಮಾಡಿರಲಿ. ನಿಮ್ಮ ಅಕ್ಷಾಂಶಕ್ಕೆ 15 ಡಿಗ್ರಿ ಓರೆ ಸಾಕಾದರೂ 20 ಇಟ್ಟರೆ ತರಗೆಲೆ, ಪಾಚಿಗಳು ಮಳೆಯಲ್ಲಿ ತೊಳೆದುಹೋಗುತ್ತವೆ. ಬಯಲಿನ ಕಂಬವಾದ್ದರಿಂದ ಚೌಕಟ್ಟಿಗೆ ಅರ್ಥಿಂಗ್ ಮಾಡಿಸಿ, ತಂತಿಗೆ ಡಿಸಿ ಸರ್ಜ್ ರಕ್ಷಕವನ್ನು ಹಾಕಿಸಬೇಕು. ಏಪ್ರಿಲ್-ಮೇ ತಿಂಗಳ ಸಿಡಿಲು ಮಳೆ ಅಡಿಕೆ ಮರವನ್ನಷ್ಟೇ ಹುಡುಕುವುದಿಲ್ಲ.

ಪ್ರಶ್ನೆ: ಇದೇ ವ್ಯವಸ್ಥೆಯಲ್ಲಿ 1 ಎಚ್‌ಪಿ ಮೋಟಾರಿನ ಅಡಿಕೆ ಸುಲಿಯುವ ಯಂತ್ರ ನಡೆದೀತೆ?

ಉತ್ತರ: ನಡೆಯದು. 1 ಎಚ್‌ಪಿ ಮೋಟಾರು ಓಡುವಾಗ ಹತ್ತಿರ ಹತ್ತಿರ 1000 ವಾಟ್ ಎಳೆಯುತ್ತದೆ, ಹೊರಡುವ ಕ್ಷಣದಲ್ಲಿ ಅದರ ಹಲವು ಪಟ್ಟು. ಮೇಲೆ ಹೇಳಿದ ಬ್ಯಾಟರಿಯ ನಾಲ್ಕು ದಿನಗಳ ಬೆಳಕು ಒಂದು ಗಂಟೆಯ ಸುಲಿಗೆಗೆ ಮುಗಿದುಹೋಗುತ್ತದೆ. ವರ್ಷದಲ್ಲಿ ಕೆಲವೇ ವಾರ ಬೇಕಾಗುವ ಶಕ್ತಿಗಾಗಿ ವರ್ಷವಿಡೀ ಸವೆಯುವ ಬ್ಯಾಟರಿಗಳನ್ನು ಕೊಳ್ಳುವುದಕ್ಕಿಂತ ಯಂತ್ರವನ್ನು ಮನೆಯ ಅಂಗಳದ ಕರೆಂಟಿನಲ್ಲಿ ಓಡಿಸುವುದು ಅಥವಾ ಬಾಡಿಗೆಗೆ ಜನರೇಟರ್ ತರುವುದು ಲೇಸು.

ಪ್ರಶ್ನೆ: ಸರ್ಕಾರದ ಸಹಾಯಧನ ಸಿಗುತ್ತದೆಯೆ?

ಉತ್ತರ: 2024ರಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆ ಗ್ರಿಡ್‌ಗೆ ಜೋಡಿಸಿದ ವಾಸದ ಮನೆಗಳ ಛಾವಣಿಗೆ ಸಂಬಂಧಿಸಿದ್ದು, ಲೈನ್ ಇಲ್ಲದ ಶೆಡ್ಡಿಗೆ ಅದು ಅನ್ವಯಿಸದು. ಪಿಎಂ-ಕುಸುಮ್ ಇರುವುದು ಮುಖ್ಯವಾಗಿ ನೀರೆತ್ತುವ ಪಂಪುಗಳಿಗೆ.

ಪ್ರಶ್ನೆ: ಹಳೆಯ ಜೀಪಿನ ಬ್ಯಾಟರಿ ಇದೆ, ಅದನ್ನೇ ಬಳಸಬಹುದೆ? ಲಿಥಿಯಂ ಒಳ್ಳೆಯದೆನ್ನುತ್ತಾರಲ್ಲ?

ಉತ್ತರ: ಜೀಪಿನ ಬ್ಯಾಟರಿ ಎಂಜಿನ್ ಚಾಲೂ ಮಾಡುವ ಕೆಲವು ಸೆಕೆಂಡುಗಳ ದೊಡ್ಡ ಹೊಡೆತಕ್ಕಾಗಿ ತೆಳ್ಳನೆಯ ತಗಡುಗಳಿಂದ ಮಾಡಿದ್ದು, ರಾತ್ರಿಯಿಡೀ ನಿಧಾನವಾಗಿ ಖಾಲಿಯಾಗುವ ಕೆಲಸಕ್ಕೆ ಹಾಕಿದರೆ ಕೆಲವು ತಿಂಗಳಲ್ಲಿ ಸೋಲುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ನಿಜಕ್ಕೂ ಒಳ್ಳೆಯದು: 12.8 ವೋಲ್ಟ್, 100 ಆಂಪಿಯರ್-ಅವರ್‌ನದ್ದು 1280 ವಾಟ್-ಅವರ್ ಹಿಡಿಯುತ್ತದೆ, ಅದರಲ್ಲಿ 1000ವನ್ನು ಅಳುಕಿಲ್ಲದೆ ಬಳಸಬಹುದು, ನೀರು ಹಾಕುವ ಗೋಜೂ ಇಲ್ಲ. ಆದರೆ ಕಂಟ್ರೋಲರಿನಲ್ಲಿ ಅದಕ್ಕೆ ತಕ್ಕ ಆಯ್ಕೆ ಇರಬೇಕು, ಮೊದಲ ಬೆಲೆಯೂ ಹೆಚ್ಚು. ಸೀಸದ ಬ್ಯಾಟರಿಯನ್ನೇ ಆರಿಸಿಕೊಂಡರೆ ಅದು ಚಾರ್ಜ್ ಆಗುವಾಗ ಜಲಜನಕ ಹೊರಬರುವುದರಿಂದ ಗಾಳಿಯಾಡುವ ಮೂಲೆಯಲ್ಲಿ, ಬೀಡಿ ಸೇದುವ ಜಾಗದಿಂದ ದೂರ ಇಡಿರಿ. ಬಟ್ಟಿ ಇಳಿಸಿದ ನೀರನ್ನಲ್ಲದೆ ಬಾವಿ ನೀರನ್ನು ಹಾಕಬೇಡಿರಿ. ನೂರಾರು ರೂಪಾಯಿಗೆ ಸಿಗುವ ಮಲ್ಟಿಮೀಟರೊಂದು ಶೆಡ್ಡಿನಲ್ಲಿರಲಿ. ಬೆಳಗಿನ ಜಾವ ದೀಪಗಳೆಲ್ಲ ಆರಿ ಸ್ವಲ್ಪ ಹೊತ್ತಾದ ಮೇಲೆ ಅದು ಬ್ಯಾಟರಿಯಲ್ಲಿ 12.2 ವೋಲ್ಟ್‌ಗಿಂತ ಕಡಿಮೆ ತೋರಿಸಿದರೆ, ಆ ದಿನ ಸಂಜೆ ನಾಲ್ಕು ದೀಪಗಳ ಬದಲು ಎರಡನ್ನೇ ಹಚ್ಚುವಂತೆ ಕಾವಲಿನವರಿಗೆ ಹೇಳಬೇಕು.