ಟಿ-ಪರೀಕ್ಷೆ ಆಮೇಲೆ, ಮೊದಲು ಸ್ಟಾಪ್‌ವಾಚ್

ಎಂ.ಪಿ.ಎಡ್. (ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ) ಕಿರುಪ್ರಬಂಧ ಸಲ್ಲಿಸುವ ದಿನ ಹತ್ತಿರವಾದಂತೆ ಧಾರವಾಡ, ಗದಗ, ಹಾವೇರಿಗಳಿಂದ ಬರುವ ಪ್ರಶ್ನೆಗಳೆಲ್ಲ ಒಂದೇ ಅಚ್ಚಿನವು. ಈ ಸಲ ಒಂದಕ್ಕಾದರೂ ವಿವರವಾಗಿ ಉತ್ತರಿಸಿ ಮುಗಿಸುತ್ತೇನೆ.

ಪ್ರಶ್ನೆ: ದೈಹಿಕ ಶಿಕ್ಷಣದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಸಂಶೋಧನಾ ವಿಧಾನ ಕಲಿಸುತ್ತೇನೆ. ಸಂಖ್ಯಾಶಾಸ್ತ್ರ ಎಂದೊಡನೆ ಮುಖ ತಿರುಗಿಸುತ್ತಾರೆ. ಎರಡು ಸರಾಸರಿಗಳ ವ್ಯತ್ಯಾಸ ಬರೀ ಆಕಸ್ಮಿಕವೇ ಎಂದು ನೋಡುವ ಟಿ-ಪರೀಕ್ಷೆಯನ್ನು ಸುಲಭವಾಗಿ ಹೇಳಿಕೊಡುವುದು ಹೇಗೆ?
– ಉಪನ್ಯಾಸಕ, ಗದಗ

ಉತ್ತರ: ಸದ್ಯಕ್ಕೆ ಹೇಳಿಕೊಡಬೇಡಿ. ಎಲ್ಲರನ್ನೂ ಮೈದಾನಕ್ಕೆ ಕರೆದೊಯ್ಯಿರಿ. ಒಬ್ಬ 50 ಮೀಟರ್ ಓಡಲಿ, ಉಳಿದವರು ಅಂತಿಮ ಗೆರೆಯ ಪಕ್ಕ ಸ್ಟಾಪ್‌ವಾಚ್ ಹಿಡಿದು ನಿಲ್ಲಲಿ. ಪಕ್ಕದವರ ವಾಚ್ ನೋಡದೆ ಕಾಲವನ್ನು ಚೀಟಿಯಲ್ಲಿ ಬರೆದು ಮಡಚಿ ಕೊಡಲಿ. ಬಿಚ್ಚಿ ಓದಿದರೆ ಒಂದೇ ಓಟಕ್ಕೆ ಹತ್ತಾರು ಕಾಲಗಳು! ಆ ಹರವನ್ನು ಅಳೆಯುವ ಅಂಕಿಯೇ ಪ್ರಮಾಣ ವಿಚಲನೆ. ಅದನ್ನು ಲೆಕ್ಕ ಹಾಕಲು ಆಗ ಯಾರೂ ಬೇಸರಪಡುವುದಿಲ್ಲ. ತಮ್ಮ ಚೀಟಿಯೇ ಸರಿ ಎಂದು ಜಗಳಕ್ಕೆ ನಿಲ್ಲುತ್ತಾರೆ.

ಈ ವ್ಯತ್ಯಾಸ ಎಲ್ಲಿಂದ ಬಂತು ಎಂದು ಕೇಳಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಸೀಟಿ ಕೇಳಿ ಗುಂಡಿ ಒತ್ತಿದವನು 50 ಮೀಟರ್ ಆಚೆ ನಿಂತಿದ್ದರೆ ಅಲ್ಲಿಯೇ ಸುಮಾರು 0.15 ಸೆಕೆಂಡ್ ತಡ. ಓಟ ಶುರು ಮಾಡಿಸುವ ಹಲಗೆಜೋಡಿ, ಅಂದರೆ ಕ್ಲ್ಯಾಪರ್, ಮುಚ್ಚುವುದನ್ನು ಕಣ್ಣಿನಿಂದ ನೋಡಿ ಒತ್ತಿದವನಿಗೆ ಆ ತಡವಿಲ್ಲ. ಇನ್ನು ಕೆಲವರು ಓಟಗಾರ ಗೆರೆ ಮುಟ್ಟುವ ಮೊದಲೇ ಒತ್ತಿಬಿಡುತ್ತಾರೆ. ಅಥ್ಲೆಟಿಕ್ಸ್ ನಿಯಮಕ್ಕೆ ಇದೆಲ್ಲ ಗೊತ್ತಿದೆ. ಆದ್ದರಿಂದಲೇ ಮೂರು ವಾಚ್. ಮೂರೂ ಬೇರೆಯಾದರೆ ನಡುವಿನದು. ಟ್ರ್ಯಾಕ್ ಓಟದಲ್ಲಿ ಕೈವಾಚಿನ 7.32 ಬಂದರೆ ಮೇಲಿನ ಹತ್ತನೇ ಒಂದು ಸೆಕೆಂಡಿಗೆ ಏರಿಸಿ 7.4 ಎಂದೇ ದಾಖಲೆ. ನಮ್ಮ ಪ್ರಬಂಧಗಳಲ್ಲಿ ಮಾತ್ರ ಒಬ್ಬ ಗೆಳೆಯ, ಒಂದು ವಾಚ್, ಸರಾಸರಿ 7.324! ಪ್ಲೈಯೋಮೆಟ್ರಿಕ್ (ಜಿಗಿತದ) ತರಬೇತಿಯಿಂದ 0.1 ಸೆಕೆಂಡ್ ಸುಧಾರಣೆ ಎಂಬ ತೀರ್ಮಾನ ಬೇರೆ. ಆ ಸುಧಾರಣೆ ಓಟಗಾರನ ಕಾಲಿನಲ್ಲಿದೆಯೋ, ಗೆಳೆಯನ ಹೆಬ್ಬೆರಳಿನಲ್ಲಿದೆಯೋ?

ಮೂವತ್ತು ಜನರ ಸರಾಸರಿ ತೆಗೆದರೆ ತಪ್ಪು ಸರಿಹೋಗುತ್ತದೆ ಎಂದು ವಾದಿಸುವವರಿದ್ದಾರೆ. ಆಕಸ್ಮಿಕ ತಪ್ಪು ಬಹುಮಟ್ಟಿಗೆ ಸರಿಹೋಗುತ್ತದೆ, ಒಪ್ಪುತ್ತೇನೆ. ಆದರೆ ಪೂರ್ವ ಪರೀಕ್ಷೆಗೆ ಒಬ್ಬರು, ಅಂತಿಮ ಪರೀಕ್ಷೆಗೆ ಇನ್ನೊಬ್ಬರು ವಾಚ್ ಹಿಡಿದರೆ ಎಲ್ಲ ಅಂಕಿಗಳೂ ಒಂದೇ ಕಡೆಗೆ ವಾಲುತ್ತವೆ. ಮುನ್ನೂರು ಜನರನ್ನು ಓಡಿಸಿದರೂ ಆ ವಾಲು ಹೋಗುವುದಿಲ್ಲ.

ನೆಲವೂ ಸುಳ್ಳು ಹೇಳುತ್ತದೆ. ಗದಗ, ನವಲಗುಂದದ ಎರೆಭೂಮಿಯಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಆಗಸ್ಟ್‌ನಲ್ಲಿ ಬೂಟಿಗೆ ಮಣ್ಣು ಮೆತ್ತಿಕೊಳ್ಳುವಾಗ ಪೂರ್ವ ಪರೀಕ್ಷೆ, ನೆಲ ಒಣಗಿ ಗಟ್ಟಿಯಾದ ಮೇಲೆ ನವೆಂಬರ್‌ನಲ್ಲಿ ಅಂತಿಮ ಪರೀಕ್ಷೆ. ತರಬೇತಿಯೇ ಇಲ್ಲದಿದ್ದರೂ ವೇಗ ಹೆಚ್ಚುತ್ತದೆ. ತರಬೇತಿ ಪಡೆಯದ ನಿಯಂತ್ರಣ ಗುಂಪು ಬೇಕೆನ್ನುವುದು ಇದಕ್ಕೇ. ಗುಂಪು ಮಾಡಿದವರೂ ಕೊನೆಗೆ ಎಡವುತ್ತಾರೆ: ಎರಡು ಗುಂಪಿಗೂ ಪ್ರತ್ಯೇಕ ಟಿ-ಪರೀಕ್ಷೆ ಮಾಡಿ, ‘ಇಲ್ಲಿ ಗಮನಾರ್ಹ ವ್ಯತ್ಯಾಸ ಬಂತು, ಅಲ್ಲಿ ಬರಲಿಲ್ಲ’ ಎಂದು ಗೆದ್ದಂತೆ ಬರೆಯುತ್ತಾರೆ. ಹೋಲಿಸಬೇಕಾದದ್ದು ಒಂದು ಗುಂಪಿನ ಬದಲಾವಣೆಯನ್ನು ಇನ್ನೊಂದರ ಬದಲಾವಣೆಯೊಂದಿಗೆ. ಇಷ್ಟು ತಲೆಗೆ ಹೋದ ಮೇಲೆ ಟಿ-ಪರೀಕ್ಷೆಯ ಸೂತ್ರ ಒಂದು ತರಗತಿಯ ಕೆಲಸ.

ಪ್ರಶ್ನೆ: ಪಿ-ಮೌಲ್ಯ (ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಇಂಥ ಫಲಿತಾಂಶ ಬರುವ ಸಂಭವನೀಯತೆ) 0.05ಕ್ಕಿಂತ ಕಡಿಮೆ ಬರಲಿಲ್ಲ. ಏನು ಮಾಡಲಿ?
– ಹುಬ್ಬಳ್ಳಿ

ಉತ್ತರ: ಬರಲಿಲ್ಲ ಎಂದು ಬರೆಯಿರಿ.

ಪ್ರಶ್ನೆ: ಕಬಡ್ಡಿ ಮತ್ತು ಖೊ-ಖೊ ಆಟಗಾರರ ಚುರುಕುತನದ ಹೋಲಿಕೆ, ವಿಷಯ ಹೇಗಿದೆ?
– ಧಾರವಾಡ

ಉತ್ತರ: ಗ್ರಂಥಾಲಯದಲ್ಲಿ ಹುಡುಕಿ, ನಿಮಗಿಂತ ಮೊದಲೇ ಬರೆದವರ ಸಾಲು ಸಿಗುತ್ತದೆ.

ಪ್ರಶ್ನೆ: ಡಿಟಿಪಿ ಅಂಗಡಿಯವರೊಬ್ಬರು ಎಸ್‌ಪಿಎಸ್‌ಎಸ್ (ಸಂಖ್ಯಾಶಾಸ್ತ್ರದ ತಂತ್ರಾಂಶ) ವಿಶ್ಲೇಷಣೆಯ ಜೊತೆಗೆ ಅಂಕಿ-ಅಂಶವನ್ನೂ ತಾವೇ ‘ಹೊಂದಿಸಿ’ ಕೊಡುತ್ತೇನೆ ಎನ್ನುತ್ತಾರೆ. ಒಪ್ಪಬಹುದೇ?
– ಹೆಸರು ಬೇಡ

ಉತ್ತರ: ಹೆಸರು ಬೇಡ ಎಂದಾಗಲೇ ನಿಮಗೆ ಉತ್ತರ ಗೊತ್ತಿತ್ತು. ಆತ ಸಂಖ್ಯಾಶಾಸ್ತ್ರಜ್ಞನಲ್ಲ, ನಕಲಿ ವೈದ್ಯನ ತಮ್ಮ. ಕೃತಿಚೌರ್ಯ ತಡೆಗೆ ಯುಜಿಸಿಯ 2018ರ ನಿಯಮಗಳಿವೆ, ಆದರೆ ಹೋಲಿಕೆ ಹುಡುಕುವ ತಂತ್ರಾಂಶಕ್ಕೆ ಹುಟ್ಟಿಸಿದ ಅಂಕಿ ಕಾಣಿಸುವುದಿಲ್ಲ. ಮೌಖಿಕ ಪರೀಕ್ಷೆಗೆ ಬಂದವರು ಮೂಲ ಹಾಳೆ ಕೇಳಿದರೆ ಏನು ತೋರಿಸುತ್ತೀರಿ?

ಪ್ರಶ್ನೆ: ಗರಡಿಮನೆಯ ಬಾಲಕರ ಮೇಲೆ ಅಧ್ಯಯನ. ವಸ್ತಾದರು ಒಪ್ಪಿದ್ದಾರೆ, ಸಾಕಲ್ಲವೇ?
– ಹಾವೇರಿ

ಉತ್ತರ: ಸಾಲದು. 18 ತುಂಬದವರಿಗೆ ತಂದೆತಾಯಿಯ ಲಿಖಿತ ಒಪ್ಪಿಗೆ ಬೇಕು, ತಿಳಿವಳಿಕೆ ಬಂದ ಬಾಲಕನ ಸಮ್ಮತಿಯೂ ಬೇಕು. ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಅದಕ್ಕೂ ಮೊದಲು. ಇನ್ನೊಂದು ಮಾತು: ಜಾತ್ರೆಯ ಕುಸ್ತಿಗೆ ವಾರವಿದೆ ಎನ್ನುವಾಗ ಮೆಟ್ಟಿಲು ಹತ್ತಿಳಿಸಿ ದಮ್ಮು ಅಳೆಯುವ ಸ್ಟೆಪ್ ಟೆಸ್ಟ್ ಮಾಡಿಸಲು ಹೋಗಬೇಡಿ. ವಸ್ತಾದರು ಕೊಟ್ಟ ಒಪ್ಪಿಗೆಯನ್ನೂ ಹಿಂದಕ್ಕೆ ಪಡೆಯುತ್ತಾರೆ.